50 ಮೀಟರ್ ದೂರಕ್ಕೆ ಪಿಸ್ತೂಲು ಹೊಡೆಯಬೇಕೆ? 10 ಮೀಟರ್‌ನಿಂದ ಶುರು ಮಾಡಿ

ಮೊದಲ ಸಲ 50 ಮೀಟರ್ ಲೇನ್‌ನಲ್ಲಿ ನಿಂತ ದಿನ ಹತ್ತು ಗುಂಡು ಹೊಡೆದೆ. ಕಾಗದಕ್ಕೆ ಬಿದ್ದದ್ದು ಆರು. ಉಳಿದ ನಾಲ್ಕು ಹಿಂದಿನ ಮಣ್ಣಿನ ದಿಬ್ಬ ಸೇರಿದ್ದವು. ಅಷ್ಟು ಹೊತ್ತಿಗೆ ಗಾಳಿಯ ಒತ್ತಡದಿಂದ ಹೊಡೆಯುವ ಏರ್ ಪಿಸ್ತೂಲಿನಲ್ಲಿ ಎರಡು ವರ್ಷ ಕಳೆದಿದ್ದೆ, 10 ಮೀಟರ್‌ನಲ್ಲಿ ಅಂಕ ಚೆನ್ನಾಗಿಯೇ ಬರುತ್ತಿತ್ತು. ಹಾಗಾಗಿ ತುಂಬಾ ನೋವಾಯಿತು. ಕಲಿಸುವವರು ಟಾರ್ಗೆಟ್ ಕಡೆ ನೋಡಲೇ ಇಲ್ಲ. ನನ್ನ ಕೈಯನ್ನೇ ನೋಡುತ್ತಾ, "ದೂರ ನಿನಗೇನೂ ಮಾಡಿಲ್ಲ. ಅಲ್ಲಿ ಕಾಣದೇ ಇದ್ದ ತಪ್ಪು ಇಲ್ಲಿ ಕಾಣ್ತಾ ಇದೆ, ಅಷ್ಟೆ" ಅಂದರು.

ಆ ಮಾತು ಪೂರ್ತಿ ಅರ್ಥವಾಗಲು ನನಗೆ ಇನ್ನೊಂದು ವರ್ಷ ಬೇಕಾಯಿತು. ಏರ್ ಪಿಸ್ತೂಲಿನಿಂದ ಮುಂದೆ 25, 50 ಮೀಟರ್‌ಗೆ ಹೋಗಬೇಕು ಅಂತಿರುವವರಿಗೆ, ಇಲ್ಲವೇ ಈಗ ತಾನೇ ಪಿಸ್ತೂಲು ಕ್ರೀಡೆಗೆ ಬರುತ್ತಿರುವವರಿಗೆ ಆ ಒಂದು ವರ್ಷ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಯಾಕೆ ಇಷ್ಟು ಕಷ್ಟ ಅಂತ ಮೊದಲು ತಿಳಿದುಕೊಳ್ಳಿ

ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡಿರಬಹುದು. ಅಲ್ಲಿ ಕೋವಿ ಭುಜಕ್ಕೆ ಆನಿಕೊಂಡಿರುತ್ತದೆ, ಕೆನ್ನೆ ಕೋವಿಗೆ ತಾಗಿರುತ್ತದೆ, ಎರಡೂ ಕೈ ಹಿಡಿದಿರುತ್ತವೆ. ಒಲಿಂಪಿಕ್ ಮಾದರಿಯ ಪಿಸ್ತೂಲಿಗೆ ಇರುವುದು ಒಂದೇ ಕೈ. ಅದೂ ಮುಂದಕ್ಕೆ ಚಾಚಿದ, ಯಾವ ಆಸರೆಯೂ ಇಲ್ಲದ ಕೈ. ಆ ಕೈ ತುದಿಯಲ್ಲಿ ಒಂದು ಕಿಲೋ ಆಸುಪಾಸಿನ ಭಾರ.

ಆದರೆ ನಿಜವಾದ ಕಷ್ಟ ಭಾರದ್ದಲ್ಲ, ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಎರಡು ಸೈಟ್‌ಗಳ ನಡುವಿನ ಅಂತರದ್ದು. ಪಿಸ್ತೂಲಿನ ಹಿಂದೆ ಒಂದು ಕಚ್ಚು, ಅಂದರೆ ರಿಯರ್ ಸೈಟ್. ಮುಂದೆ ಒಂದು ಕಂಬ, ಅಂದರೆ ಫ್ರಂಟ್ ಸೈಟ್. ಕಚ್ಚಿನ ನಡುವೆ ಕಂಬ ಸರಿಯಾಗಿ ಕೂರಬೇಕು. ಎರಡರ ನಡುವೆ 30 ಸೆಂಟಿಮೀಟರ್ ಇದೆ ಅಂತಿಟ್ಟುಕೊಳ್ಳಿ. ಕಂಬ ಕಚ್ಚಿನೊಳಗೆ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ 50 ಮೀಟರ್ ದೂರದಲ್ಲಿ ಗುಂಡು ಸುಮಾರು 17 ಸೆಂಟಿಮೀಟರ್ ಸರಿಯುತ್ತದೆ. ಅಲ್ಲಿನ ಹತ್ತರ ವೃತ್ತದ, ಅಂದರೆ ಹತ್ತು ಅಂಕ ಕೊಡುವ ನಡುವಿನ ವೃತ್ತದ ಅಡ್ಡಳತೆ 5 ಸೆಂಟಿಮೀಟರ್ ಮಾತ್ರ. ಗುಂಡಿನ ಅಂಚು ಗೆರೆಗೆ ತಾಗಿದರೂ ಹತ್ತು ಅಂತಲೇ ಲೆಕ್ಕ. ಅಷ್ಟಾದರೂ ನಮಗೆ ಸಿಗುವ ಅವಕಾಶ ಮಿಲಿಮೀಟರಿನ ಆರನೇ ಒಂದು ಪಾಲು. ಎರಡು ಎ4 ಹಾಳೆ ಜೋಡಿಸಿದರೆ ಬರುವ ದಪ್ಪಕ್ಕಿಂತಲೂ ಕಡಿಮೆ.

ಈಗ ಇದರ ಇನ್ನೊಂದು ಮುಖ ನೋಡಿ. ಸೈಟ್‌ಗಳು ಒಂದಕ್ಕೊಂದು ಸರಿಯಾಗಿ ಕೂತಿವೆ, ಆದರೆ ಕೈ ನಡುಗಿ ಇಡೀ ಚಿತ್ರ ಟಾರ್ಗೆಟ್ ಮೇಲೆ 3 ಸೆಂಟಿಮೀಟರ್ ಅತ್ತಿತ್ತ ಓಡಾಡುತ್ತಿದೆ ಅಂತಿಟ್ಟುಕೊಳ್ಳಿ. ಆಗ ಗುಂಡು ತಪ್ಪುವುದು ಆ 3 ಸೆಂಟಿಮೀಟರ್ ಮಾತ್ರ. ಹತ್ತು ಹೋಗಿ ಒಂಬತ್ತು ಬರುತ್ತದೆ. ಅಂದರೆ ಕಣ್ಣಿಗೆ ದೊಡ್ಡದಾಗಿ ಕಾಣುವ ಕೈನಡುಕ ಚಿಕ್ಕ ತಪ್ಪು. ಕಣ್ಣಿಗೆ ಕಾಣದಷ್ಟು ಸಣ್ಣ ಸೈಟಿನ ಓರೆ ದೊಡ್ಡ ತಪ್ಪು. ಹೊಸಬರೆಲ್ಲ ಇದನ್ನು ತಲೆಕೆಳಗಾಗಿ ಹಿಡಿದಿರುತ್ತಾರೆ, ನಾನೂ ಹಿಡಿದಿದ್ದೆ. ನಡುಕ ನಿಲ್ಲಿಸಲು ಒದ್ದಾಡುತ್ತೇವೆ. ಒಂದು ಕ್ಷಣ ನಿಂತ ಹಾಗೆ ಕಂಡ ಕೂಡಲೇ ಟ್ರಿಗರ್ ಜಗ್ಗುತ್ತೇವೆ. ಆ ಜಗ್ಗಿನಲ್ಲೇ ಸೈಟ್ ಓರೆಯಾಗುತ್ತದೆ.

ದಕ್ಷಿಣ ಕೊರಿಯಾದ ಜಿನ್ ಜೊಂಗ್-ಓ 2008, 2012, 2016ರ ಮೂರೂ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಪಿಸ್ತೂಲಿನ ಚಿನ್ನ ಗೆದ್ದವರು. 10 ಮೀಟರ್ ಏರ್ ಪಿಸ್ತೂಲಿನಲ್ಲಿ ಅವರ ವಿಶ್ವದಾಖಲೆ 600ಕ್ಕೆ 594. 50 ಮೀಟರ್‌ನಲ್ಲಿ 583. ಇದಕ್ಕೆ ಹಿಂದಿನ ದಾಖಲೆ ಸೋವಿಯತ್ ಒಕ್ಕೂಟದ ಅಲೆಕ್ಸಾಂಡರ್ ಮೆಲೆಂಟಿಯೆವ್ 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಹೊಡೆದ 581. ಅದು 2014ರವರೆಗೂ ಅಲುಗಲಿಲ್ಲ! ಜಿನ್ ಅದೇ ಮನುಷ್ಯ, ಅದೇ ಕೈ, ಆದರೂ 50 ಮೀಟರ್‌ನಲ್ಲಿ 11 ಅಂಕ ಕಡಿಮೆ. ಯಾಕೆ?

ಟಾರ್ಗೆಟ್ ಚಿಕ್ಕದಾಗಿ ಕಾಣುವುದಕ್ಕೆ ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿದರೆ ಅದು ಅರ್ಧ ನಿಜ. 10 ಮೀಟರ್‌ನ ಹತ್ತರ ವೃತ್ತ 11.5 ಮಿಲಿಮೀಟರ್, 50 ಮೀಟರ್‌ನದು 50 ಮಿಲಿಮೀಟರ್. ನಿಂತ ಜಾಗದಿಂದ ನೋಡಿದರೆ ಎರಡೂ ಹತ್ತಿರ ಹತ್ತಿರ ಒಂದೇ ಗಾತ್ರ. ವ್ಯತ್ಯಾಸ ಇರುವುದು ಗುಂಡಿನಲ್ಲಿ. ಏರ್ ಪಿಸ್ತೂಲಿನ ಪೆಲೆಟ್ 4.5 ಮಿಲಿಮೀಟರ್ ದಪ್ಪ. 11.5ರ ಪಕ್ಕದಲ್ಲಿ ಅದು ದೊಡ್ಡದು, ಅಂಚು ತಾಗಿಸಿಯೇ ಎಷ್ಟೋ ಒಂಬತ್ತನ್ನು ಹತ್ತು ಮಾಡಿಕೊಡುತ್ತದೆ. 50 ಮೀಟರ್‌ನ 5.6 ಮಿಲಿಮೀಟರ್ ಗುಂಡಿಗೆ ಆ ದೊಡ್ಡ ವೃತ್ತದ ಪಕ್ಕದಲ್ಲಿ ಅಂಥ ಬಲವಿಲ್ಲ. ಇದನ್ನೂ ಸೇರಿಸಿ ಲೆಕ್ಕ ಹಾಕಿದರೆ 10 ಮೀಟರ್‌ನಲ್ಲಿ ನಮಗೆ ಸುಮಾರು ಒಂದೂವರೆ ಪಟ್ಟು ಜಾಸ್ತಿ ರಿಯಾಯಿತಿ ಸಿಗುತ್ತಿತ್ತು. ಅದರ ಮೇಲೆ ಗಾಳಿ, ಬಿಸಿಲು, ಗುಂಡಿನ ಹಿಂದೊದೆತ. ನನ್ನ ಆ ನಾಲ್ಕು ಗುಂಡು ದಿಬ್ಬ ಸೇರಿದ ಕಥೆ ಇದೇ.

ಪಿಸ್ತೂಲು ಕೈಗೆ ಬರುವ ಮುನ್ನ

ಮನೆಯ ಹಿತ್ತಲಲ್ಲಿ, ತೋಟದಲ್ಲಿ ಕಲಿಯುವ ಯೋಚನೆ ಬೇಡವೇ ಬೇಡ. ಕ್ಲಬ್ ಸೇರಿ. ನಮ್ಮಲ್ಲಿ ಕರ್ನಾಟಕ ಸ್ಟೇಟ್ ರೈಫಲ್ ಅಸೋಸಿಯೇಷನ್ ಇದೆ. ಬೆಂಗಳೂರಿನಲ್ಲಿ ಏರ್ ಪಿಸ್ತೂಲು ಕಲಿಸುವ ಖಾಸಗಿ ರೇಂಜ್‌ಗಳೂ ಇವೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಬೋರಿನ, 20 ಜೂಲ್ ಮೀರದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಸ್ಪರ್ಧೆಯ ಏರ್ ಪಿಸ್ತೂಲುಗಳಲ್ಲಿ ಅದರ ಅರ್ಧದಷ್ಟೂ ಶಕ್ತಿ ಇರುವುದಿಲ್ಲ. 25, 50 ಮೀಟರ್‌ಗೆ ಬೇಕಾದ ಪಾಯಿಂಟ್ 22 (5.6 ಮಿಲಿಮೀಟರ್ ಗುಂಡಿನ) ಪಿಸ್ತೂಲಿಗೆ ಲೈಸೆನ್ಸ್ ಬೇಕೇ ಬೇಕು. ಹಾಗಾಗಿ ಶುರುವಿನಲ್ಲಿ ಕ್ಲಬ್ಬಿನ ಪಿಸ್ತೂಲಿನಲ್ಲೇ, ಅವರ ಎದುರಿನಲ್ಲೇ ಹೊಡೆಯಿರಿ.

ಸುರಕ್ಷತೆ ವಿಷಯದಲ್ಲಿ ನಾನು ಯಾರ ಮುಲಾಜೂ ನೋಡುವುದಿಲ್ಲ. ನಳಿಗೆ ಸದಾ ಟಾರ್ಗೆಟ್ ಕಡೆಗೇ ಇರಬೇಕು. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರ್ ಹೊರಗಿರಬೇಕು. ಖಾಲಿ ಅಂತ ಗೊತ್ತಿದ್ದರೂ ತುಂಬಿದೆ ಅಂತಲೇ ನಡೆದುಕೊಳ್ಳಬೇಕು. ಮೇಜಿನ ಮೇಲೆ ಇಟ್ಟಾಗ, ಒಳಗೆ ಖಾಲಿ ಅಂತ ತೋರಿಸುವ ಸೇಫ್ಟಿ ಫ್ಲ್ಯಾಗ್ ಹಾಕಿರಬೇಕು. ಪಾಯಿಂಟ್ 22 ಹೊಡೆಯುವಾಗ ಕಿವಿಗೂ ಕಣ್ಣಿಗೂ ರಕ್ಷಣೆ ಬೇಕು. ಕಿವಿ ಒಮ್ಮೆ ಹೋದರೆ ವಾಪಸ್ ಬರುವುದಿಲ್ಲ.

ಮೊದಲ ಹಂತ: ಕಾಲು

ಎಲ್ಲರೂ ಕೈಯಿಂದ ಶುರು ಮಾಡುತ್ತಾರೆ. ನೀವು ಕಾಲಿನಿಂದ ಮಾಡಿ. ಕಾಲುಗಳು ಭುಜದಷ್ಟು ಅಗಲಕ್ಕೆ ಇರಲಿ. ಟಾರ್ಗೆಟ್‌ಗೆ ಪಕ್ಕವಾಗಿ ನಿಂತು ಕೈ ಎತ್ತಿ, ಕಣ್ಣು ಮುಚ್ಚಿ, ಒಂದು ಉಸಿರು ಬಿಟ್ಟು ಕಣ್ಣು ತೆರೆಯಿರಿ. ಪಿಸ್ತೂಲು ಎತ್ತ ನೋಡುತ್ತಿದೆ? ಎಡಕ್ಕೆ ಇದ್ದರೆ ಕೈಯನ್ನು ಬಲಕ್ಕೆ ಎಳೆಯಬೇಡಿ. ಹಿಂದಿನ ಕಾಲನ್ನು ಸ್ವಲ್ಪ ಸರಿಸಿ ಮತ್ತೆ ನೋಡಿ. ಕೈ ತಾನಾಗಿ ಟಾರ್ಗೆಟ್ ಮೇಲೆ ಬಂದು ನಿಲ್ಲುವವರೆಗೂ ಕಾಲನ್ನೇ ತಿದ್ದುತ್ತಿರಿ. ಕೈಯನ್ನು ಬಲವಂತವಾಗಿ ಎಳೆದು ನಿಲ್ಲಿಸಿದರೆ ಟ್ರಿಗರ್ ಬಿಡುವ ಹೊತ್ತಿಗೆ ಅದು ತನ್ನ ಜಾಗಕ್ಕೇ ಓಡಿಹೋಗುತ್ತದೆ. 10 ಮೀಟರ್‌ನಲ್ಲಿ ಇದರಿಂದ ಅರ್ಧ ಅಂಕ ಹೋಗಬಹುದು. 50 ಮೀಟರ್‌ನಲ್ಲಿ ಇಡೀ ಗುಂಡುಗಳ ಗುಂಪೇ ಒಂದು ಕಡೆಗೆ ವಾಲುತ್ತದೆ, ನಾವು ಸುಮ್ನೆ ಸೈಟ್ ತಿರುಗಿಸುತ್ತಾ ಕೂರುತ್ತೇವೆ.

ಹಿಡಿತ

ಗ್ರಿಪ್ಪನ್ನು ಪ್ರತಿ ಸಲವೂ ಒಂದೇ ಥರ ಹಿಡಿಯಬೇಕು, ಒಂದೇ ಬಲದಲ್ಲಿ ಹಿಡಿಯಬೇಕು. ಎಷ್ಟು ಬಲ ಅಂತ ಕೇಳಿದರೆ, ಕೈ ನಡುಗುವಷ್ಟು ಒಮ್ಮೆ ಗಟ್ಟಿ ಹಿಡಿದು, ನಡುಕ ನಿಲ್ಲುವವರೆಗೆ ಸಡಿಲಿಸಿ. ಅದೇ ನಿಮ್ಮ ಅಳತೆ. ಮಣಿಕಟ್ಟು ಬೀಗ ಹಾಕಿದ ಹಾಗಿರಬೇಕು. ಬಲ ಮುಂದಿನಿಂದ ಹಿಂದಕ್ಕೆ ನೇರವಾಗಿ ಬರಲಿ, ಪಕ್ಕದಿಂದ ಹಿಂಡಬೇಡಿ. ಹೆಬ್ಬೆರಳಿಗೆ ಇಲ್ಲಿ ಕೆಲಸವೇ ಇಲ್ಲ, ಅದನ್ನು ಸುಮ್ಮನೆ ಇಟ್ಟುಬಿಡಿ.

ಕಣ್ಣು ಎಲ್ಲಿರಬೇಕು

ಇದು ಎಲ್ಲಕ್ಕಿಂತ ಮುಖ್ಯ. ಸ್ವಲ್ಪ ನಿಧಾನವಾಗಿ ಓದಿ.

ನೋಡಬೇಕಾದದ್ದು ಟಾರ್ಗೆಟ್ ಅಲ್ಲ, ಫ್ರಂಟ್ ಸೈಟ್. ಕಂಬದ ಮೇಲಂಚು ಬ್ಲೇಡಿನ ಹಾಗೆ ಚೂಪಾಗಿ ಕಾಣಬೇಕು. ಅದರ ಎರಡೂ ಪಕ್ಕದಲ್ಲಿ ಕಾಣುವ ಬೆಳಕಿನ ಸಂದು ಒಂದೇ ಅಳತೆ ಇರಬೇಕು, ಮೇಲಂಚು ಕಚ್ಚಿನ ಅಂಚಿನ ಜೊತೆ ಒಂದೇ ಸಮವಾಗಿರಬೇಕು. ಟಾರ್ಗೆಟ್ ಮಸುಕಾದ ಬೂದು ಉಂಡೆಯ ಹಾಗೆ ಕಂಡರೆ ಸಾಕು. ಕಣ್ಣು ಒಂದು ಹೊತ್ತಿಗೆ ಒಂದೇ ದೂರಕ್ಕೆ ಹೊಂದಿಕೊಳ್ಳುತ್ತದೆ, ಅಲ್ವಾ? ಟಾರ್ಗೆಟ್ ಸ್ಪಷ್ಟವಾಗಿ ಕಾಣುತ್ತಿದೆ ಅಂದರೆ ಸೈಟ್ ಮಸುಕಾಗಿದೆ ಅಂತಲೇ ಅರ್ಥ. ಸೈಟ್ ಮಸುಕಾದರೆ ಆ ಮಿಲಿಮೀಟರಿನ ಆರನೇ ಒಂದು ಪಾಲು ಕಾಣುವುದಾದರೂ ಹೇಗೆ?

10 ಮೀಟರ್‌ನಿಂದ 50ಕ್ಕೆ ಹೋದವರಿಗೆ ಒಂದು ಆಸೆ ಹುಟ್ಟುತ್ತದೆ. ಅಷ್ಟು ದೂರ ಹೋಗಿದೆಯಲ್ಲ, ಸ್ವಲ್ಪ ನೋಡೋಣ ಅಂತ ಕಣ್ಣು ಟಾರ್ಗೆಟ್ ಕಡೆ ಜಾರುತ್ತದೆ. ಅದನ್ನು ತಡೆಯಲು ಒಂದು ಉಪಾಯವಿದೆ. ಟಾರ್ಗೆಟ್ಟಿನ ನಡುವೆ ಇರುವ ಕಪ್ಪು ವೃತ್ತದ ನಟ್ಟ ನಡುವೆ ಗುರಿ ಇಡಬೇಡಿ. ಕಪ್ಪಿನ ಕೆಳಗೆ, ಬಿಳಿ ಜಾಗದಲ್ಲಿ ಸೈಟ್ ನಿಲ್ಲಿಸಿ. ಗುಂಡು ಮೇಲೆ ನಡುವಿಗೆ ಬೀಳುವ ಹಾಗೆ ಸೈಟನ್ನು ತಿದ್ದಿಕೊಂಡಿರಿ. ಕಪ್ಪು ಕಂಬ ಬಿಳಿಯ ಮುಂದೆ ತಾನಾಗಿ ಚೂಪಾಗಿ ಕಾಣುತ್ತದೆ. ಬಿಳಿ ಜಾಗದಲ್ಲಿ ಇಂಥದೇ ಒಂದು ಬಿಂದು ಅಂತಿಲ್ಲ, ಒಂದು ಅಂಗೈ ಅಗಲದ ಪ್ರದೇಶ ಸಾಕು. ಕೈ ಆ ಪ್ರದೇಶದೊಳಗೆ ಅಲೆದಾಡಲಿ ಬಿಡಿ.

ನಲವತ್ತು ದಾಟಿದವರು ಕನ್ನಡಕದ ವಿಷಯದಲ್ಲಿ ಜಾಣರಾಗಬೇಕು. ಓದುವ ಕನ್ನಡಕದಲ್ಲಿ ಫ್ರಂಟ್ ಸೈಟ್ ಮಸುಕು, ದೂರದ ಕನ್ನಡಕದಲ್ಲೂ ಮಸುಕು. ಕೈ ಚಾಚಿ ನಿಂತು, ಕಣ್ಣಿನಿಂದ ಫ್ರಂಟ್ ಸೈಟಿನವರೆಗೆ ಎಷ್ಟು ಸೆಂಟಿಮೀಟರ್ ಅಂತ ಬೇರೆಯವರಿಂದ ಟೇಪ್ ಹಿಡಿಸಿ ಅಳೆಸಿ. ಆ ಅಳತೆಯನ್ನು ಕಣ್ಣಿನ ವೈದ್ಯರಿಗೆ ಕೊಟ್ಟು ಅದಕ್ಕೆ ಸರಿಯಾದ ಲೆನ್ಸ್ ಮಾಡಿಸಿ. ನನಗೆ ಇದೊಂದರಿಂದಲೇ ಆದ ಲಾಭ ಆರು ತಿಂಗಳ ಅಭ್ಯಾಸದಿಂದಲೂ ಆಗಿರಲಿಲ್ಲ.

ಟ್ರಿಗರ್

ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ಇರಬೇಕು ಅನ್ನುವುದು ನಿಯಮ. 25 ಮೀಟರ್ ಪಿಸ್ತೂಲಿಗೆ 1,000 ಗ್ರಾಂ. 50 ಮೀಟರ್‌ನ ಫ್ರೀ ಪಿಸ್ತೂಲಿಗೆ ಮಾತ್ರ ಮಿತಿಯೇ ಇಲ್ಲ, ಬೆರಳು ಸೋಕಿದರೆ ಸಾಕು ಅನ್ನುವಷ್ಟು ಹಗುರ ಮಾಡಿಕೊಳ್ಳಬಹುದು. ಅದರ ಗ್ರಿಪ್ ಕೂಡ ಕೈಗೆ ಅಚ್ಚು ಹಾಕಿದ ಹಾಗೆ ಸುತ್ತಿಕೊಂಡಿರುತ್ತದೆ. ಇಷ್ಟೆಲ್ಲ ಸವಲತ್ತು ಇದ್ದೂ ಅದೇ ಅತಿ ಕಷ್ಟದ ಪಿಸ್ತೂಲು ಸ್ಪರ್ಧೆ ಅನ್ನುವುದನ್ನು ಗಮನಿಸಿ.

ಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಟ್ರಿಗರ್ ಮೇಲೆ ಇರಲಿ. ಬೆರಳಿನ ಉಳಿದ ಭಾಗ ಗ್ರಿಪ್ಪಿಗೆ ತಾಗಬಾರದು. ಕೈ ಕೆಳಗಿಳಿಯುತ್ತಾ ಬಿಳಿ ಜಾಗಕ್ಕೆ ಬರುವಾಗಲೇ ಟ್ರಿಗರಿನ ಮೊದಲ ಸಡಿಲವನ್ನು ತೆಗೆದುಬಿಡಿ. ಆಮೇಲೆ ಒತ್ತಡ ನಿಲ್ಲದೆ ಏರುತ್ತಾ ಹೋಗಬೇಕು, ನಿಂಬೆಹಣ್ಣನ್ನು ನಿಧಾನವಾಗಿ ಹಿಂಡುವ ಹಾಗೆ. ಯಾವ ಕ್ಷಣಕ್ಕೆ ಗುಂಡು ಹಾರುತ್ತದೆ ಅಂತ ನಿಮಗೇ ಗೊತ್ತಾಗಬಾರದು. ಬಲಗೈಯವರ ಗುಂಡುಗಳು ಪದೇ ಪದೇ ಕೆಳಗೆ ಎಡಕ್ಕೆ ಬೀಳುತ್ತಿದ್ದರೆ ಟ್ರಿಗರ್ ಜಗ್ಗುತ್ತಿದ್ದೀರಿ ಅಂತ ತಿಳಿಯಿರಿ. ಸೈಟ್ ಮುಟ್ಟಬೇಡಿ, ಬೆರಳನ್ನು ತಿದ್ದಿ.

ಗುಂಡು ಹಾರಿದ ಮೇಲೂ ಎರಡು ಸೆಕೆಂಡ್ ಹಾಗೇ ನಿಲ್ಲಿ. ಸೈಟ್ ಮತ್ತೆ ಅದೇ ಜಾಗಕ್ಕೆ ಬರುವುದನ್ನು ನೋಡಿ. ಇದೇ ಫಾಲೋ ತ್ರೂ. ಗುಂಡು ನಳಿಗೆಯೊಳಗೆ ಇರುವಾಗಲೇ ಕೈ ಸಡಿಲವಾದರೆ ಹಿಂದೆ ಮಾಡಿದ್ದೆಲ್ಲ ವ್ಯರ್ಥ.

ಕೈ ಎತ್ತಿ ನಿಲ್ಲಿಸಿದ ಮೇಲೆ ಏಳೆಂಟು ಸೆಕೆಂಡಿನೊಳಗೆ ಗುಂಡು ಹೋಗದಿದ್ದರೆ ಕೈ ಇಳಿಸಿಬಿಡಿ. ಹೊತ್ತು ಹೋದಷ್ಟೂ ಕಣ್ಣು ದಣಿಯುತ್ತದೆ, ನಡುಕ ಹೆಚ್ಚುತ್ತದೆ, ಮನಸ್ಸು "ಈಗ, ಈಗ" ಅನ್ನತೊಡಗುತ್ತದೆ. ಕೈ ಇಳಿಸುವುದನ್ನೂ ಅಭ್ಯಾಸ ಮಾಡಬೇಕು. ನಾನು ಇದನ್ನು ಕಲಿತದ್ದು ತುಂಬಾ ತಡವಾಗಿ.

ಮನೆಯಲ್ಲಿ, ಬಿಳಿ ಗೋಡೆಯ ಮುಂದೆ

ದೂರದ ಗುರಿಗೆ ಬೇಕಾದ ಅಭ್ಯಾಸದ ದೊಡ್ಡ ಪಾಲು ಗುಂಡಿಲ್ಲದೇ ಆಗುತ್ತದೆ. ಏರ್ ಪಿಸ್ತೂಲಿನಲ್ಲಿ ಡ್ರೈ ಫೈರ್ ವ್ಯವಸ್ಥೆ ಇರುತ್ತದೆ. ಖಾಲಿ ಇದೆಯೇ ಅಂತ ಎರಡು ಸಲ ನೋಡಿ, ಪೆಲೆಟ್ ಡಬ್ಬವನ್ನು ಬೇರೆ ಕೋಣೆಯಲ್ಲಿಟ್ಟು, ಬರೀ ಬಿಳಿ ಗೋಡೆಯ ಮುಂದೆ ನಿಲ್ಲಿ. ಟಾರ್ಗೆಟ್ ಬೇಡ. ಟಾರ್ಗೆಟ್ ಇಲ್ಲದಿದ್ದರೆ ಕಣ್ಣಿಗೆ ಸೈಟ್ ಬಿಟ್ಟು ಬೇರೆ ನೋಡಲು ಏನೂ ಇರುವುದಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ, ಮೂವತ್ತರಿಂದ ನಲವತ್ತು ಸಲ ಸಾಕು. ಟ್ರಿಗರ್ ಬಿಟ್ಟಾಗ ಫ್ರಂಟ್ ಸೈಟ್ ಅಲುಗಿತೇ ಅನ್ನುವುದೊಂದೇ ಪ್ರಶ್ನೆ. ಪಾಯಿಂಟ್ 22 ಪಿಸ್ತೂಲನ್ನು ಮಾತ್ರ ಕಲಿಸುವವರನ್ನು ಕೇಳದೆ ಖಾಲಿ ಹೊಡೆಯಬೇಡಿ. ಎಷ್ಟೋ ಪಿಸ್ತೂಲುಗಳಲ್ಲಿ ಫೈರಿಂಗ್ ಪಿನ್ ಚೇಂಬರಿನ ಅಂಚಿಗೆ ಬಡಿದು ಎರಡೂ ಹಾಳಾಗುತ್ತವೆ.

ಮುಂದಕ್ಕೆ ಯಾವಾಗ ಹೋಗಬೇಕು

ಅಂಕ ನೋಡಿ ನಿರ್ಧರಿಸಬೇಡಿ, ಗುಂಪು ನೋಡಿ ನಿರ್ಧರಿಸಿ. ಟಾರ್ಗೆಟ್ಟನ್ನು ತಿರುವಿ ಹಾಕಿ, ಅದರ ಬಿಳಿ ಬೆನ್ನಿಗೆ ಹತ್ತು ಪೆಲೆಟ್ ಹೊಡೆಯಿರಿ. ಹತ್ತೂ ಎರಡು ರೂಪಾಯಿಯ ಒಂದು ನಾಣ್ಯದ ಅಗಲದ ಆಸುಪಾಸಿನಲ್ಲಿ ಬೀಳುತ್ತಿವೆಯೇ? ಒಂದು ದಿನ ಬಿದ್ದರೆ ಸಾಲದು, ವಾರಗಟ್ಟಲೆ ಹಾಗೇ ಬೀಳಬೇಕು. ಆಗ 25 ಮೀಟರ್‌ಗೆ ಹೋಗಬಹುದು.

25 ಮೀಟರ್ ಪ್ರಿಸಿಷನ್ ಟಾರ್ಗೆಟ್‌ಗೂ 50 ಮೀಟರ್ ಟಾರ್ಗೆಟ್‌ಗೂ ವೃತ್ತಗಳ ಅಳತೆ ಒಂದೇ. ಅಂದರೆ 25ರಲ್ಲಿ ಗುರಿ ಎರಡು ಪಟ್ಟು ದೊಡ್ಡದು. ಗುರಿಯ ಚಿಂತೆ ಬಿಟ್ಟು ಸದ್ದಿಗೂ ಹಿಂದೊದೆತಕ್ಕೂ ಕಿಲೋ ಭಾರದ ಟ್ರಿಗರಿಗೂ ಹೊಂದಿಕೊಳ್ಳಲು ಇದೇ ಒಳ್ಳೆಯ ಜಾಗ. ಸದ್ದಿಗೆ ಹೆದರಿ ಕಣ್ಣು ರೆಪ್ಪೆ ಬಡಿಯುವುದು, ಕೈ ಮುಂಚೆಯೇ ಕೆಳಗೆ ಒತ್ತುವುದು ಎಲ್ಲರಿಗೂ ಆಗುತ್ತದೆ. ಮ್ಯಾಗಜಿನ್‌ನಲ್ಲಿ ಗುಂಡುಗಳ ನಡುವೆ ಒಂದೆರಡು ಡಮ್ಮಿ, ಅಂದರೆ ಸಿಡಿಯದ ನಕಲಿ ಗುಂಡು ಸೇರಿಸಿ ಕೊಡಲು ಕಲಿಸುವವರಿಗೆ ಹೇಳಿ. ಡಮ್ಮಿ ಬಂದಾಗ ಪಿಸ್ತೂಲು ಕುಕ್ಕಿದರೆ ರೋಗ ಗೊತ್ತಾಯಿತು ಅಂತ ಲೆಕ್ಕ. ಮೂರು ನಾಲ್ಕು ತಿಂಗಳು ಇಲ್ಲೇ ಇದ್ದರೂ ನಷ್ಟವಿಲ್ಲ.

ಕೊನೆಗೆ 50 ಮೀಟರ್

2016ರ ರಿಯೊ ಬಳಿಕ ಒಲಿಂಪಿಕ್ಸ್‌ನಿಂದ 50 ಮೀಟರ್ ಪಿಸ್ತೂಲನ್ನು ತೆಗೆದುಹಾಕಿದರು. ನನಗೆ ಇವತ್ತಿಗೂ ಅದರ ಬೇಸರ ಹೋಗಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಆ ಕೊನೆಯ ಸ್ಪರ್ಧೆಯಲ್ಲಿ ಜೀತು ರೈ ಜೊತೆ ಭಾರತದ ಪರ ನಿಂತಿದ್ದರು. ಜೀತು 2014ರ ಇಂಚೆಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಇದೇ 50 ಮೀಟರ್‌ನಲ್ಲಿ ಚಿನ್ನ ಗೆದ್ದವರು. ಈಗ ನಮ್ಮ ಮಕ್ಕಳ ಕಣ್ಣು 10 ಮೀಟರ್ ಮೇಲೆ, ಅದು ಸಹಜ. ಬಾಸ್ಕೆಟ್‌ಬಾಲ್‌ನಿಂದ ಪಿಸ್ತೂಲಿಗೆ ಬಂದ ನಮ್ಮ ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್‌ನ ಮಿಶ್ರ ತಂಡದಲ್ಲಿ ಚಿನ್ನ ಗೆದ್ದದ್ದು ಅದರಲ್ಲೇ. ಆದರೂ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 50 ಮೀಟರ್ ಉಳಿದುಕೊಂಡಿದೆ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ ಅಂತ ನಾನು ನಂಬಿದ್ದೇನೆ.

25ಕ್ಕೆ ಸರಿಮಾಡಿದ ಸೈಟ್‌ನಲ್ಲಿ ನೇರ 50ಕ್ಕೆ ಹೊಡೆದರೆ ಗುಂಡು ಸುಮಾರು 5 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ಅಂದರೆ ಎರಡು ವೃತ್ತ. ಪಾಯಿಂಟ್ 22 ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೊರಡುತ್ತದೆ. ದೂರ ಎರಡು ಪಟ್ಟಾದರೆ ಅದು ಭೂಮಿಯ ಕಡೆ ಬೀಳುವುದು ನಾಲ್ಕು ಪಟ್ಟಿಗಿಂತಲೂ ಸ್ವಲ್ಪ ಜಾಸ್ತಿ. ಅಮೆರಿಕದಲ್ಲಿ ಕೋಳಿ, ಹಂದಿ, ಟರ್ಕಿ, ಟಗರಿನ ಆಕಾರದ ಲೋಹದ ತಟ್ಟೆಗಳನ್ನು 50, 100, 150, 200 ಮೀಟರ್‌ನಲ್ಲಿ ನಿಲ್ಲಿಸಿ ಕೈಬಂದೂಕಿನಿಂದ ಕೆಡಹುವ ಆಟವೊಂದಿದೆ. ಅವರು ಪ್ರತಿ ದೂರಕ್ಕೂ ಸೈಟಿನ ಲೆಕ್ಕವನ್ನು ಬರೆದಿಟ್ಟುಕೊಂಡಿರುತ್ತಾರೆ. ನಮಗೆ ಒಂದೇ ದೂರ, ಒಮ್ಮೆ ಸರಿಯಾಗಿ ಮಾಡಿಕೊಂಡರೆ ಆಯಿತು. ಆದರೆ ಒಂದೇ ಗುಂಡು ನೋಡಿ ಸೈಟ್ ತಿರುಗಿಸಬೇಡಿ. ಐದು ಹೊಡೆಯಿರಿ, ಗುಂಪಿನ ನಡು ಎಲ್ಲಿದೆ ನೋಡಿ, ಆಮೇಲೆ ತಿರುಗಿಸಿ.

ಪಕ್ಕದಿಂದ ಬೀಸುವ ಗಾಳಿ ಗುಂಡನ್ನು ಸರಿಸುತ್ತದೆ, ನಿಜ. ಗಂಟೆಗೆ ಹತ್ತು ಕಿಲೋಮೀಟರ್ ಗಾಳಿಗೆ ಒಂದು ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಅದಕ್ಕಿಂತ ದೊಡ್ಡ ತೊಂದರೆ ಗಾಳಿ ಚಾಚಿದ ಕೈಯನ್ನೇ ತಳ್ಳುವುದು. ಗಾಳಿ ಬಂದಾಗ ಕಾಯಿರಿ. ಬೆಂಗಳೂರಿನಲ್ಲಿ ಆಷಾಢದ ಮಧ್ಯಾಹ್ನ ಬಿಟ್ಟು ಬೆಳಿಗ್ಗೆ ಹೋದರೆ ಅರ್ಧ ಸಮಸ್ಯೆ ಮುಗಿಯಿತು. ಮೋಡ ಸರಿದು ಬಿಸಿಲು ಬಂದಾಗಲೂ ಸೈಟ್ ಬೇರೆ ಥರ ಕಾಣುತ್ತದೆ. ಕಂಬದ ಒಂದು ಪಕ್ಕ ಹೊಳೆದರೆ ಕಣ್ಣು ಮೋಸ ಹೋಗುತ್ತದೆ, ಅದಕ್ಕೇ ಹಳೆಯ ಶೂಟರ್‌ಗಳು ಸೈಟಿಗೆ ಮಸಿ ಹಿಡಿಸಿ ಕಪ್ಪು ಮಾಡುತ್ತಿದ್ದರು.

ಗುಂಡನ್ನು ಒಂದೇ ಬ್ರ್ಯಾಂಡ್, ಸಾಧ್ಯವಾದರೆ ಒಂದೇ ಲಾಟಿನದನ್ನು ಬಳಸಿ. ವೇಗ ಹೆಚ್ಚಿರುವ ಗುಂಡು ಒಳ್ಳೆಯದು ಅನ್ನುವುದು ತಪ್ಪು ತಿಳುವಳಿಕೆ. ಸ್ಪರ್ಧೆಯವರು ಶಬ್ದದ ವೇಗಕ್ಕಿಂತ ಕೆಳಗಿನ ಸ್ಟ್ಯಾಂಡರ್ಡ್ ಗುಂಡನ್ನೇ ಆರಿಸುತ್ತಾರೆ.

ಮೊದಲ ತಿಂಗಳು 50ರಲ್ಲಿ ಅಂಕ ಬರೆದಿಡಬೇಡಿ. ಪ್ರತಿ ಗುಂಡು ಹಾರಿದ ಕೂಡಲೇ, ಟಾರ್ಗೆಟ್ ನೋಡುವ ಮುಂಚೆ, ಅದು ಎಲ್ಲಿ ಬಿದ್ದಿರಬೇಕು ಅಂತ ಬಾಯಿಬಿಟ್ಟು ಹೇಳಿ. "ಒಂಬತ್ತು, ಬಲಕ್ಕೆ" ಅಂತ. ಆಮೇಲೆ ದುರ್ಬೀನಿನಲ್ಲಿ ನೋಡಿ ಡೈರಿಯಲ್ಲಿ ಎರಡನ್ನೂ ಬರೆಯಿರಿ. ಹೇಳಿದ್ದೂ ಬಿದ್ದದ್ದೂ ಹೊಂದಿದರೆ ನೀವು ಸೈಟ್ ನೋಡುತ್ತಿದ್ದೀರಿ. ಹೊಂದದಿದ್ದರೆ ಆ ಕ್ಷಣಕ್ಕೆ ಕಣ್ಣು ಬೇರೆ ಎಲ್ಲೋ ಇತ್ತು.

ಕೆಟ್ಟ ಗುಂಡು ಬಂದೇ ಬರುತ್ತದೆ. ರಿಯೊ ಫೈನಲ್‌ನಲ್ಲಿ ಜಿನ್ ಅವರ ಒಂಬತ್ತನೇ ಗುಂಡಿಗೆ ಸಿಕ್ಕಿದ್ದು 6.6. ಅಷ್ಟು ದೊಡ್ಡ ಶೂಟರ್, ಒಲಿಂಪಿಕ್ ಫೈನಲ್, ಅದರಲ್ಲಿ 6.6! ಅಲ್ಲಿಂದ ಒಂದೊಂದೇ ಗುಂಡು ಹೊಡೆಯುತ್ತಾ ಮೇಲೆ ಬಂದು ಅವರು ಚಿನ್ನ ಗೆದ್ದರು. ನಿಮಗೆ ಹಾಗೆ ಒಂದು ಬಂದಾಗ ಪಿಸ್ತೂಲು ಮೇಜಿನ ಮೇಲಿಟ್ಟು ಒಂದು ನಿಮಿಷ ಕೂತುಕೊಳ್ಳಿ. ಎದ್ದು ನಿಂತಾಗ ಮತ್ತೆ ಕಾಲಿನಿಂದ ಶುರು ಮಾಡಿ.

ರೇಂಜ್‌ನಿಂದ ಹೊರಡುವ ಮುಂಚೆ 10 ಮೀಟರ್‌ಗೆ ವಾಪಸ್ ಬಂದು ಇಪ್ಪತ್ತು ಪೆಲೆಟ್ ಹೊಡೆಯಿರಿ, ಟಾರ್ಗೆಟ್ಟಿನ ಬಿಳಿ ಬೆನ್ನಿಗೆ.